ಎಂಟನೇ ಮಂಚದ ಬಳಿ ಕನ್ನಿಯಮ್ಮಾಳ್

ಬೆಳಗಿನ ಐದೂವರೆ. ಪೆರಿಯನಾಯಕನಪಾಳ್ಯಂ ಕಡೆಯ ಮೊದಲ ಟೌನ್ ಬಸ್ಸಿನಲ್ಲಿ ಬಂದಿಳಿದ ಕನ್ನಿಯಮ್ಮಾಳ್, ಕೊಯಮತ್ತೂರಿನ ಸರ್ಕಾರಿ ಆಸ್ಪತ್ರೆಯೊಂದರ ಹಿಂಬಾಗಿಲಿನಿಂದ ಒಳಗೆ ಹೋಗುತ್ತಾರೆ. ಸೆರಗು ಬಿಗಿದು, ಫಿನಾಯಿಲ್ ಬಕೆಟ್ ಹಿಡಿದು ಗಂಡಸರ ಆಪರೇಷನ್ ವಾರ್ಡಿಗೆ ಬಂದವರು ಮೊದಲು ನೋಡುವುದು ನೆಲವನ್ನಲ್ಲ, ಎಂಟನೇ ಮಂಚವನ್ನು. ಅಲ್ಲಿ ರೋಗಿ ಮಲಗಿದ್ದಾರೆಂದು ಖಾತ್ರಿಯಾದ ಮೇಲೆಯೇ ಬಕೆಟ್ ಕೆಳಗಿಡುತ್ತಾರೆ.

ವಾರ್ಡಿನ ಆಯಾ ಆಗಿ ಹನ್ನೊಂದು ವರ್ಷ. ಮಂಚಗಳು ಮೂವತ್ತೆರಡು, ನೆಲದ ಮೇಲಿನವರೂ ಸೇರಿದರೆ ರೋಗಿಗಳು ಐವತ್ತು. ದಿನಕ್ಕೆ ಮೂರು ಸಲ ನೆಲ ಒರೆಸಬೇಕು. ಗುಣವಾಗಿ ಹೊರಟವರು ಡಾಕ್ಟರಿಗೆ ಕೈಮುಗಿಯುತ್ತಾರೆ, ನರ್ಸಮ್ಮನಿಗೆ ಹಣ್ಣು ಕೊಡುತ್ತಾರೆ. ಮೈ ಒರೆಸಿ, ಮಲ ಬಾಚಿದ ಈಕೆಯ ಹೆಸರು ಕೇಳುವ ಪುಣ್ಯಾತ್ಮರು ಅಪರೂಪ.

ಗಂಡ ರಾಮಸಾಮಿ ಕೈಮಗ್ಗದ ನೇಕಾರ. ಊರಿಗೆ ಪವರ್‌ಲೂಮ್ ಬಂದು ಮಗ್ಗ ಮೂಲೆಗೆ ಸೇರಿತು, ಹಿಂದೆಯೇ ಅವರಿಗೆ ಎದೆರೋಗ ಅಂಟಿತು. ಗಂಡ ಕಣ್ಣುಮುಚ್ಚಿದ ಆಸ್ಪತ್ರೆಯಲ್ಲೇ ಹೆಂಡತಿ ಕೆಲಸಕ್ಕೆ ನಿಂತರು. ಮನೆಮಾತು ಕನ್ನಡ, ಓದು ಬರುವುದು ತಮಿಳಿನಲ್ಲಿ ಮಾತ್ರ. ಈ ಪುಟದಲ್ಲಿ ತಮ್ಮ ಹೆಸರು ಎಲ್ಲಿದೆಯೆಂದು ತಿಳಿಯಲೂ ಅವರಿಗೆ ಇನ್ನೊಬ್ಬರ ಬೆರಳು ಬೇಕು.

ಎಂಟನೇ ಮಂಚದ ಸಂಗತಿ ಕಳೆದ ವರ್ಷದ್ದು, ೧೯೮೬ರ ಪೊಂಗಲ್ ಮುಗಿದ ವಾರದ್ದು. ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದ ಅಂಗಪ್ಪನ್ ಎಂಬ ಅರವತ್ತರ ಹಿರಿಯರನ್ನು ತಂಗಿ ಪಳನಿಯಮ್ಮ ಅನ್ನೂರಿನಿಂದ ಕರೆತಂದರು. ಚೀಟಿ ಬರೆಯುವಲ್ಲಿ ಊರು ಕೇಳಿದಾಗ ಅಂಗಪ್ಪನ್ ಹುಟ್ಟಿದೂರು ಅನ್ನೂರನ್ನೇ ಹೇಳಿದರು. ಕರುಳಿನ ಆಪರೇಷನ್ ಪುಕ್ಕಟೆಯಾಗಿ ನಡೆಯಿತು. ನಾಲ್ಕನೇ ದಿನ ಬಟ್ಟೆಗಂಟಿನಿಂದ ಮಲೇಶಿಯಾದ ಪಾಸ್‌ಪೋರ್ಟ್ ಬಿತ್ತು. ಮೂವತ್ತೊಂದು ವರ್ಷ ಅಲ್ಲಿಯ ರಬ್ಬರ್ ತೋಟದಲ್ಲಿ ದುಡಿದು, ತಂಗಿಯ ಮುಖ ನೋಡಲು ಬಂದಿದ್ದ ಜೀವ ಅದು. ಹೊರದೇಶದ ಪ್ರಜೆ ಹಣ ಕಟ್ಟಲೇಬೇಕು ಎಂದ ಗುಮಾಸ್ತ ಈಶ್ವರನ್, ಎರಡು ಸಾವಿರದ ನಾನೂರು ರೂಪಾಯಿಯ ಬಿಲ್ಲನ್ನು ಮಂಚದ ಮೇಲಿಟ್ಟು ಹೋದರು. ತಂದ ದುಡ್ಡನ್ನೆಲ್ಲ ತಂಗಿಯ ಮನೆಗೆ ಹೆಂಚು ಹೊದಿಸಲು ಅಂಗಪ್ಪನ್ ಆಗಲೇ ಕೊಟ್ಟಾಗಿತ್ತು.

"ಹುಟ್ಟಿದ್ ಮಣ್ಣಲ್ಲೇ ನಾನು ವೆಳಿನಾಟ್ಟವನಾ, ಹೊರದೇಶದವನಾ, ತಂಗಚ್ಚಿ?" ಎಂದು ಕನ್ನಿಯಮ್ಮಾಳರನ್ನು, ಅದೇ ಮನೆಮಾತಿನವರಾದ ಅಂಗಪ್ಪನ್ ಕನ್ನಡದಲ್ಲೇ ಕೇಳಿದರಂತೆ. ಪಕ್ಕದಲ್ಲಿ ಪಳನಿಯಮ್ಮ ಎಮ್ಮೆ ಮಾರುವ ಮಾತಾಡುತ್ತಿದ್ದರು.

ಕನ್ನಿಯಮ್ಮಾಳ್ ಸುಮ್ಮನಿರಲಿಲ್ಲ. ಮಧ್ಯಾಹ್ನ ದೊಡ್ಡ ಡಾಕ್ಟರ ಕೋಣೆಯ ಹೊರಗೆ ಎರಡು ಗಂಟೆ ನಿಂತು, ಒಳಗೆ ಹೋಗಿ ಕೈಮುಗಿದರು. ಡಾಕ್ಟರು ಒಳ್ಳೆಯವರು. ಬಡವರೆಂದು ಬರೆದು ಬಿಲ್ಲು ಮನ್ನಾ ಮಾಡಬಹುದು, ನಾಳೆ ಹತ್ತಕ್ಕೆ ಸಹಿ ಹಾಕುತ್ತೇನೆ ಎಂದರು. ಕನ್ನಿಯಮ್ಮಾಳ್ ಎಂಟನೇ ಮಂಚಕ್ಕೆ ಮರಳಿದರು, ಅಂಗಪ್ಪನ್‌ಗೆ ಗಂಜಿ ಕುಡಿಸಿದರು, ಸಂಜೆ ಮನೆಗೆ ಹೋದರು. ಬಿಲ್ಲು ಮನ್ನಾ ಆಗುವ ವಿಷಯ ಮಾತ್ರ ಅಣ್ಣ ತಂಗಿಗೆ ಹೇಳಲಿಲ್ಲ.

"ನಮ್ ಮನೇಲಿ ಮಗ್ಗದ್ ಮೇಲಿರೋ ಸೀರೆ ಇಷ್ಟ್ ಮೊಳ ಆಯ್ತು ಅಂತ ಬಾಯ್ಬಿಟ್ಟು ಹೇಳ್ಬಾರ್ದು ಸಾಮಿ. ದೃಷ್ಟಿ ಆಯ್ತದೆ, ಎಳೆ ಕಡೀತದೆ. ಅತ್ತೆ ಕಲಿಸಿದ್ದು. ಕಾಗ್ದ ಕೈಗ್ ಬರ್ಲಿ, ಆಮೇಲ್ ಹೇಳೋಣ ಅಂದ್ಕೊಂಡೆ," ಎನ್ನುವಾಗ ಅವರು ಕಿಟಕಿಯ ಕಡೆ ತಿರುಗುತ್ತಾರೆ.

ಮರುದಿನ ಬೆಳಿಗ್ಗೆ ಬಂದರೆ ಎಂಟನೇ ಮಂಚ ಖಾಲಿ. ಬಿಲ್ಲಿಗೆ ಹೆದರಿ, ಹೊಲಿಗೆ ಬಿಚ್ಚದ ಹೊಟ್ಟೆಗೆ ಪಂಚೆ ಬಿಗಿದುಕೊಂಡ ಅಣ್ಣನೊಡನೆ ತಂಗಿ ಅನ್ನೂರಿನ ಮೊದಲ ಬಸ್ಸು ಹಿಡಿದಿದ್ದರು. ಕನ್ನಿಯಮ್ಮಾಳ್ ಇಳಿದ ನಿಲ್ದಾಣದಲ್ಲೇ ಅವರು ಬಸ್ಸು ಹತ್ತಿರಬೇಕು. ಹತ್ತು ಗಂಟೆಗೆ ಮನ್ನಾ ಪತ್ರ ಬಂತು. ಅದನ್ನು ಹಿಡಿದು ಕನ್ನಿಯಮ್ಮಾಳ್ ಸಂಜೆ ಅನ್ನೂರಿಗೆ ಹೋದರು. ಅಂಗಪ್ಪನ್ ತಂಗಿಯ ಮನೆ ಬಾಗಿಲಿಗೂ ಬಾರದೆ ಧಾರಾಪುರಂ ಕಡೆಯ ಯಾವುದೋ ನೆಂಟರಲ್ಲಿ ಅಡಗಿದ್ದರೆಂದು ತಿಳಿದದ್ದು ಆಮೇಲೆ. ಅಣ್ಣ ಎಲ್ಲಿ ಎಂದು ಅವತ್ತು ಪಳನಿಯಮ್ಮ ಬಾಯಿಬಿಡಲಿಲ್ಲ. ಪತ್ರ ತೋರಿಸಿ ಬಿಲ್ಲು ಮನ್ನಾ ಆಗಿದೆ ಎಂದರೂ, ಆಸ್ಪತ್ರೆಯವಳು ಹಣ ವಸೂಲಿಗೆ ಬಂದಿದ್ದಾಳೆ ಎಂದೇ ಆ ಹೆಂಗಸು ನಂಬಿದ್ದರು. ಗಾಯ ಕೀವಾಗಿ, ಜ್ವರವೇರಿ, ವಾರದೊಳಗೆ ಅಂಗಪ್ಪನ್ ತೀರಿಕೊಂಡರು. ಇದನ್ನು ಬರೆಯುವಾಗ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯುವುದಿಲ್ಲ.

ಈಗ ಕನ್ನಿಯಮ್ಮಾಳ್ ಕೆಲಸದ ನಡುವೆಯೇ ಹೊಸ ರೋಗಿಗಳ ಬಳಿ ಕೂರುತ್ತಾರೆ. ಹೊರದೇಶದಿಂದ ಬಂದವರಾದರೆ ಹಣ ಕಟ್ಟಬೇಕಾದೀತು, ಆಗದಿದ್ದರೆ ಯಾರನ್ನು ಕೇಳಬೇಕು ಎಂದು ಮೊದಲೇ ಬಿಡಿಸಿ ಹೇಳುತ್ತಾರೆ. ಈ ವರ್ಷ ಸಿಲೋನಿನಿಂದ ಬಂದ ಇಬ್ಬರು ಹೊಲಿಗೆ ಬಿಚ್ಚಿಸಿಕೊಂಡು ನಡೆದೇ ಮನೆಗೆ ಹೋದರು. ಕೆಲಸ ಇನ್ನೂ ಕಾಯಂ ಆಗಿಲ್ಲ. ಅದನ್ನು ಅವರು ಕೇಳುವುದೂ ಇಲ್ಲ; ಕೇಳುವುದು ಚೀಟಿ ಬರೆಯುವಲ್ಲಿ ಈ ಮಾತುಗಳ ಒಂದು ಬೋರ್ಡು.

ಬಕೆಟ್ ಎತ್ತಿಕೊಳ್ಳುತ್ತಾ ಹೇಳುತ್ತಾರೆ: "ಬೋರ್ಡ್ ಬರೋವರ್ಗೂ ನಾನೇ ಹೇಳ್ತೀನಿ ಸಾಮಿ. ಸೀರೆ ಮಗ್ಗದ್ ಮೇಲಿರೋವಾಗ್ಲೇ ಹೇಳ್ಬಿಡ್ತೀನಿ. ದೃಷ್ಟಿ ಆದ್ರೆ ನಂಗಾಗ್ಲಿ."