ಒಂದೇ ಒಲೆಯವರು

ಮೊಮ್ಮಗಳು ಪಂಚಾಯ್ತಿ ಮೆಂಬರ್ ಆಗಿ ಗೆದ್ದ ದಿನ, ಬಸ್ಸಿಳಿದವರಿಗೆಲ್ಲ ನನ್ನ ಬಂಡಿಯಿಂದ ಪುಕ್ಕಟೆ ಮಿರ್ಚಿ ಭಜಿ ಕೊಟ್ಟೆ. ಕಂಡಕ್ಟರನೊಬ್ಬ, "ಏನಜ್ಜಿ, ಇವತ್ತು ಲಾಸ್ ಮಾಡ್ಕೊಳಾಕ ಕುಂತಿಯೇನು?" ಅಂದ. "ಎಲ್ಲಿ ಲಾಸಲೇ? ನನ್ನ ಮೊಮ್ಮಗಳು ಗೆದ್ದಾಳ, ಇನ್ನೊಂದು ತಿನ್ನು" ಅಂದೆ.

ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ನಾನು ಸಾಕಿದ ಹುಡುಗಿ ಕುರ್ಚಿಯಲ್ಲಿ ಕೂತು "ಅಧ್ಯಕ್ಷರೇ" ಎಂದು ಮಾತು ತೆಗೆಯುವುದನ್ನು ಕೇಳಲು, ಸಭೆ ಇದ್ದಾಗಲೆಲ್ಲ ಬಂಡಿ ಮುಚ್ಚಿ ಪಂಚಾಯ್ತಿಯ ಕಿಟಕಿ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಮಾತು ಅರ್ಧ ತಿಳಿಯುತ್ತಿರಲಿಲ್ಲ. ಅವಳ ದನಿ ಕೇಳಿದರೇ ಮೈ ಉಬ್ಬುತ್ತಿತ್ತು.

ಈ ವರ್ಷ ಬಸ್ ನಿಲ್ಲುವಲ್ಲಿ ತಂಗುದಾಣ ಕಟ್ಟಿದರು. ಅದರ ಮುಂದೆ ಒಂದೇ ಅಂಗಡಿಗೆ ಜಾಗ, ಉಳಿದವರು ದನದ ಆಸ್ಪತ್ರೆಯ ಹಿಂದಿನ ಬಯಲಿಗೆ ಹೋಗಬೇಕು ಎಂದಾಯಿತು. ಮೊಮ್ಮಗಳ ಅಪ್ಪನಿಗೆ ಇನ್ನೂ ಮದುವೆಯಾಗದ ಕಾಲದಿಂದ ನನ್ನ ಬಂಡಿ ಅಲ್ಲೇ ನಿಲ್ಲುತ್ತಿತ್ತು. ಕೂಡ್ಲಿಗಿ ಬಸ್ಸು, ಕೊಟ್ಟೂರು ಬಸ್ಸು ಎಲ್ಲ ನನ್ನ ಮುಂದೆಯೇ ನಿಲ್ಲುತ್ತಿದ್ದವು. ಬಯಲಿಗೆ ಹೋದರೆ ಯಾರು ಮಿರ್ಚಿ ಹುಡುಕಿಕೊಂಡು ಬರುತ್ತಾರೆ? ಜ್ಯೂಸ್ ಅಂಗಡಿಯವನಿಗೂ ಅದೇ ಜಾಗ ಬೇಕಿತ್ತು. ಅವನ ಅಣ್ಣನೂ ಮೆಂಬರ್. ಆದರೂ ನನಗೆ ಹೆದರಿಕೆ ಇರಲಿಲ್ಲ. ನನ್ನವಳು ಒಳಗಿದ್ದಾಳಲ್ಲ!

ಸಭೆಯಲ್ಲಿ ಆ ಜಾಗ ಯಾರಿಗೆ ಎಂಬ ವಿಷಯ ಬಂದಾಗ ಮೊಮ್ಮಗಳು ಎದ್ದು ನಿಂತಳು. ನಾನು ಕಿಟಕಿಯ ಸರಳು ಹಿಡಿದುಕೊಂಡೆ.

"ಬಂಡಿ ನಮ್ಮ ಮನಿದು. ಇದರಾಗ ನನ್ನ ಹಿತಾಸಕ್ತಿ ಐತಿ, ನಾನು ಕುಂದರಂಗಿಲ್ಲ" ಎಂದವಳೇ ಹೊರಗೆ ಬಂದು ನನ್ನ ಪಕ್ಕದಲ್ಲಿ ನಿಂತಳು.

ಯಾರೋ ಬೈದು ಕಳಿಸಿದರು ಅಂದುಕೊಂಡೆ. "ಯಾರಬೇ ನಿನ್ನ ಹೊರಗ ಹಾಕಿದ್ದು?"

"ಯಾರೂ ಹಾಕಿಲ್ಲಜ್ಜಿ, ನಾನ ಬಂದೆ. ನಮ್ಮ ಮನಿ ಲಾಭದ ಮಾತು ಬಂದಾಗ ಮೆಂಬರ್ ಅಲ್ಲಿ ಇರಬಾರದು, ಕೈ ಎತ್ತಬಾರದು. ಕಾಯ್ದೆ ಐತಿ."

"ಅದೇನೋ ಅಂದೆಲ್ಲ, ಹಿತ..."

"ಹಿತಾಸಕ್ತಿ."

"ಅಂದ್ರ ನನ್ನ ಹಿತದಾಗ ನಿನಗ ಆಸಕ್ತಿ ಐತಿ ಅಂತ ತಾನೇ? ಮೊಮ್ಮಗಳಿಗೆ ಅದು ಇರಬೇಕಾದ್ದ! ಅದಕ್ಯಾಕ ಹೊರಗ ಬರ್ತಿ?"

ಅವಳಿಗೆ ನಗು ತಡೆಯಲಾಗಲಿಲ್ಲ. "ಅದಕ್ಕ ಬಂದದ್ದಜ್ಜಿ."

ಒಳಗೆ ಜ್ಯೂಸ್ ಅಂಗಡಿಯವನ ಅಣ್ಣ ಕಾಲ ಮೇಲೆ ಕಾಲು ಹಾಕಿ ಕೂತೇ ಇದ್ದ.

"ಅವನ್ಯಾಕ ಏಳವಲ್ಲ? ಹೋಗಿ ಕೇಳು."

"ಕೇಳಾಕ ನಾನು ಒಳಗಿರಬೇಕಲ್ಲ" ಅಂದಳು. ಈಗ ನಗುತ್ತಿರಲಿಲ್ಲ.

ನಾನೇ ಕಿಟಕಿಗೆ ಬಾಯಿ ಹಚ್ಚಿ ಕೂಗಿದೆ: "ಏನಪಾ, ನಿನ್ನ ತಮ್ಮಂದೂ ಮಾತು ಐತಿ. ನೀನ್ಯಾಕ ಏಳವಲ್ಲಿ?"

"ತಮ್ಮ ಬ್ಯಾರೆ ಆಗ್ಯಾನಬೇ, ನಮ್ಮದು ಒಲಿ ಬ್ಯಾರೆ ಬ್ಯಾರೆ. ನೀವಿಬ್ಬರು ಒಂದ ಒಲಿಯವರು" ಅಂದ. ಒಳಗಿನವರು ನಕ್ಕರು. ಜವಾನ ಬಂದು ಕಿಟಕಿಯ ಬಾಗಿಲು ಎಳೆದುಕೊಂಡ.

ನನ್ನ ತಲೆ ಓಡಿತು. ಮೊಮ್ಮಗಳ ಕೈ ಹಿಡಿದೆ. "ನಾವೂ ಬ್ಯಾರೆ ಆಗೋಣ ಬಾರಲೇ. ಈಗಿಂದೀಗ ಪಡಸಾಲ್ಯಾಗ ಇನ್ನೊಂದು ಒಲಿ ಹೂಡ್ತೀನಿ. ಹೋಗಿ ಹೇಳು, ಅಜ್ಜಿ ಬ್ಯಾರೆ ಆಗ್ಯಾಳ ಅಂತ."

ಅವಳು ನನ್ನ ಮುಖ ನೋಡಿದಳು. "ನಿನ್ನ ಬಿಟ್ಟು ನಾನೆಲ್ಲಿ ಉಣ್ಲಿ ಅಜ್ಜಿ? ಸುಳ್ಳಿಗೂ ಆ ಮಾತು ಆಡಬ್ಯಾಡ."

ಅವಳ ಕೈ ಬಿಡದೆ ಮುಚ್ಚಿದ ಕಿಟಕಿಯ ಮುಂದೆಯೇ ನಿಂತೆ. ಆಮೇಲೆ ಜವಾನ ಬಾಗಿಲಿಗೆ ಬಂದು, "ಮೇಡಂ, ನಿಮ್ಮ ವಿಷಯ ಮುಗೀತು, ಬರ್ರಿ. ಜಾಗ ಜ್ಯೂಸಿನವರಿಗೆ ಆತು" ಅಂದ. ಅವಳು ಕಣ್ಣು ಒರೆಸಿಕೊಂಡು ಬೀದಿ ದೀಪದ ಚರ್ಚೆಗೆ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಬಯಲಿಗೆ ಬಂಡಿ ತಳ್ಳಲು ಅವಳೇ ಬಂದಳು. ಜ್ಯೂಸ್ ಅಂಗಡಿಯವ ಅಡ್ಡ ಬಂದು, "ಮೆಂಬರ್ ಆಗಿ ಬಂಡಿ ತಳ್ತೀರೇನ್ರಿ?" ಅಂದ.

"ತಳ್ಳಬಾರದು ಅಂತ ಕಾಯ್ದ್ಯಾಗ ಎಲ್ಲೂ ಇಲ್ರಿ. ಸ್ವಲ್ಪ ಸರಕೊಳ್ರಿ" ಅಂದಳು.

ಎಂಥ ಮಾತು ನೋಡಿ! ಇದನ್ನು ಬಂದ ಗಿರಾಕಿಗಳಿಗೆಲ್ಲ ಹೇಳಬೇಕೆಂದು ಬಾಯಿ ತುಡಿಯುತ್ತದೆ. ಆದರೆ ದನದ ಆಸ್ಪತ್ರೆಯ ಹಿಂದೆ ಬರುವವರೇ ಕಡಿಮೆ. ಎಣ್ಣೆ ಕಾಯಿಸಿಕೊಂಡು ಕೂತಿರುತ್ತೇನೆ. ಎಮ್ಮೆ ಹೊಡೆದುಕೊಂಡು ಯಾರಾದರೂ ಬಂದರೆ ಅವರಿಗೇ ಹೇಳುತ್ತೇನೆ.