ಅಮ್ಮ ಹೆಲ್ಮಂದ್ ಕಲಿತದ್ದು

ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಅಬುಧಾಬಿಗೆ ಬಂದ ಅಮ್ಮನಿಗೆ ನಾಲ್ಕನೇ ದಿನಕ್ಕೇ ಬೇಸರ ಶುರುವಾಯಿತು. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಒಂಬತ್ತನೇ ಮಹಡಿಯ ಫ್ಲ್ಯಾಟ್ ನಮ್ಮದು. ನಾನು ಆಸ್ಪತ್ರೆಯೊಂದರ ಅಪಾಯಿಂಟ್‌ಮೆಂಟ್ ಕೌಂಟರಿನಲ್ಲಿ ಕೂರುವವಳು, ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಐದಕ್ಕೆ ವಾಪಸ್. ಗಂಡ ಹೋಟೆಲಿನವನು, ಅವನ ಶಿಫ್ಟ್ ಯಾವಾಗ ಎಂದು ಅವನಿಗೇ ಹಿಂದಿನ ದಿನ ಗೊತ್ತಾಗುವುದು. ಮಗಳಿಗೆ ಅಜ್ಜಿ ಕನ್ನಡದಲ್ಲಿ ಹತ್ತು ಪ್ರಶ್ನೆ ಕೇಳಿದರೆ ಇಂಗ್ಲಿಷಿನಲ್ಲಿ ಒಂದು ಉತ್ತರ ಬರುತ್ತಿತ್ತು.

ಅಮ್ಮ ಊರಿನ ಕನ್ನಡ ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಸಮಾಜ ಪಾಠ ಮಾಡಿದವಳು. ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ. ಆದರೆ ಅಮ್ಮ ಪ್ರೀತಿ ಮಾಡುವುದು ಕೊಂಕಣಿಯಲ್ಲಿ, ಬೈಯುವುದು ಕನ್ನಡದಲ್ಲಿ. ನಿವೃತ್ತಿಯಾದ ಮೇಲೆ ಅವಳಿಗೆ ಬೈಯಲು ಸರಿಯಾದ ತರಗತಿಯೇ ಸಿಕ್ಕಿರಲಿಲ್ಲ.

ಮೊದಲ ಶನಿವಾರ ಅವಳನ್ನು ಅಲ್ ಮೀನಾದ ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. ಮೀನಿನ ಕಡೆ ಒಂದು ಸುತ್ತು ಹಾಕಿ, ಅಂಜಲ್ ಹಳತು ಎಂದು ತೀರ್ಪು ಕೊಟ್ಟು, ಹಣ್ಣಿನ ಕಡೆಗೆ ಬಂದೆವು. ಕರಬೂಜದ ರಾಶಿಯ ಹಿಂದೆ ಅರವತ್ತು ದಾಟಿದ ಒಬ್ಬರು ನಿಂತಿದ್ದರು. ಬಿಳಿ ಗಡ್ಡ, ತಲೆಯ ಮೇಲೆ ಕನ್ನಡಿ ಚೂರು ಹೊಲಿದ ಟೊಪ್ಪಿ. ಸುತ್ತಲಿನ ಅಂಗಡಿಯವರೆಲ್ಲ ಅವರನ್ನು ಖಾನ್‌ಸಾಬ್ ಎನ್ನುತ್ತಿದ್ದರು. ಅಮ್ಮ ಹಲಸಿನ ಹಣ್ಣು ತಟ್ಟುವ ಹಾಗೆ ಒಂದು ಕರಬೂಜ ತಟ್ಟಿ, ಹಿಂದಿ ಪರೀಕ್ಷೆ ಪಾಸು ಮಾಡಿದವರ ಸ್ಪಷ್ಟ ಹಿಂದಿಯಲ್ಲಿ ಕೇಳಿದಳು, "ಯಹ್ ಮೀಠಾ ಹೈ?"

"ಹೋ," ಅಂದರು ಖಾನ್‌ಸಾಬ್.

ಅಮ್ಮ ಕೈ ಹಿಂದಕ್ಕೆ ತೆಗೆದಳು. "ಎಂತ ಹೇಳಿದ ಇವ?"

"ಅದೇ, ಹೋ! ಹೋ!" ಎಂದು ಅವರು ಇನ್ನೂ ಉತ್ಸಾಹದಿಂದ ಹೇಳಿದರು.

"ಹಣ್ಣು ಸಿಹಿ ಉಂಟಾ ಅಂತ ಕೇಳಿದರೆ ಹೋಗು ಅಂತಾನೆ! ಒಂದು ಸಲ ಅಲ್ಲ, ಮೂರು ಸಲ!" ಅಮ್ಮನ ಕನ್ನಡ ಇಡೀ ಸಾಲಿಗೆ ಕೇಳಿಸಿತು. "ಮತ್ತೆ 'ಅದೇ' ಅಂತೆ. ಯಾವುದು ಅದೇ? ನಾನೇನು ವಸ್ತುವಾ?"

ಖಾನ್‌ಸಾಬ್‌ಗೆ ಮಾತು ತಿಳಿಯದಿದ್ದರೂ ಧ್ವನಿ ತಿಳಿಯಿತು. ರಾಶಿಯನ್ನು ಸುತ್ತಿಕೊಂಡು ಬಂದು, ಎದೆಯ ಮೇಲೆ ಕೈಯಿಟ್ಟು, ತಮ್ಮ ಹಿಂದಿಯಲ್ಲಿ ವಿವರಿಸಿದರು. ಅವರದು ಪಶ್ತೋ ಭಾಷೆ. ಅದರಲ್ಲಿ 'ಹೋ' ಎಂದರೆ ಹೌದು. 'ಅದೇ' ಎಂದರೆ ಅಮ್ಮ.

ಅಮ್ಮ ಕರಬೂಜವನ್ನು ಮತ್ತೆ ಕೈಗೆತ್ತಿಕೊಂಡಳು. "ಇಲ್ಲ ಅನ್ನುವುದಕ್ಕೆ?"

"ನಾ."

"ಅದಾದರೂ ಸರಿ ಉಂಟು," ಅಂದಳು. ಕರಬೂಜ ಕೊಂಡಳು. ಅದು ಸಿಹಿಯಾಗಿಯೇ ಇತ್ತು, ಅದರಿಂದ ಅವಳಿಗೆ ಇನ್ನಷ್ಟು ಮುಜುಗರವಾಯಿತು.

ಎರಡು ವಾರದ ಮೇಲೆ ಒಂದು ಸಂಜೆ ಮನೆಗೆ ಬಂದಾಗ ಫ್ರಿಜ್ಜಿನಲ್ಲಿ ನಾಲ್ಕು ಕರಬೂಜಗಳಿದ್ದವು. ಬಾಗಿಲ ಹಿಂದೆ ಹಣ್ಣಿನ ಪೆಟ್ಟಿಗೆಯ ಒಂದು ದೊಡ್ಡ ರಟ್ಟು, ಅದರ ಮೇಲೆ ಮಗಳ ಸ್ಕೆಚ್ ಪೆನ್ನಿನಲ್ಲಿ ಬರೆದ ನಕ್ಷೆ. ವಿಚಾರಿಸಿದಾಗ ಗೊತ್ತಾಯಿತು, ನನ್ನ ಬಸ್ ಕಾರ್ಡ್ ತೆಗೆದುಕೊಂಡು ಅಮ್ಮ ದಿನ ಬಿಟ್ಟು ದಿನ ಅಲ್ ಮೀನಾಕ್ಕೆ ಹೋಗುತ್ತಿದ್ದಳು.

"ಅವನದು ಹೆಲ್ಮಂದ್ ಪ್ರಾಂತ್ಯ," ಅಂದಳು, ನೆಂಟರ ಮನೆಯ ವಿಷಯ ಹೇಳುವ ಹಾಗೆ. "ಅಫ್ಘಾನಿಸ್ತಾನದ ದಕ್ಷಿಣಕ್ಕೆ. ಪೂರ್ವಕ್ಕೆ ಕಂದಹಾರ, ಪಶ್ಚಿಮಕ್ಕೆ ಫರಾ ಮತ್ತು ನಿಮ್ರೋಜ್, ಉತ್ತರಕ್ಕೆ ಘೋರ್, ದಕ್ಷಿಣಕ್ಕೆ ಪಾಕಿಸ್ತಾನ. ಪಶ್ಚಿಮ ಅವನಿಗೇ ಗೊತ್ತಿರಲಿಲ್ಲ ಮಾರಾಯ್ತಿ. ತಮ್ಮನಿಗೆ ಫೋನ್ ಮಾಡಿ ಕೇಳಿ ಹೇಳಿದ. ಎಂತಹ ಶಾಲೆಯೋ ಎಂತದೋ."

ಮುಂದಿನ ಶನಿವಾರ ಜೊತೆಗೆ ಹೋಗಿ ಆ ತರಗತಿಯನ್ನು ನಾನೇ ಕಂಡೆ. ಅಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಖಾನ್‌ಸಾಬ್ ಮಗುಚಿದ ಪೆಟ್ಟಿಗೆಯ ಮೇಲೆ. ಗಿರಾಕಿ ಬಂದರೆ ಅಮ್ಮ ಅವರಿಗೆ ಎರಡು ನಿಮಿಷ ಬಿಡುವು ಕೊಡುತ್ತಿದ್ದಳು. ಅಂದಿನ ಪಾಠ ನದಿ.

ಹೆಲ್ಮಂದ್ ನದಿ ಕಾಬೂಲಿನ ಪಶ್ಚಿಮದ ಬೆಟ್ಟಗಳಲ್ಲಿ ಹುಟ್ಟುತ್ತದೆ, ಕಜಾಕಿ ಎಂಬಲ್ಲಿ ಅಣೆಕಟ್ಟು ದಾಟುತ್ತದೆ, ಲಷ್ಕರ್‌ಗಾಹ್ ಪಟ್ಟಣದ ಪಕ್ಕದಲ್ಲಿ ಹಾಯ್ದು ಮರಳುಗಾಡಿಗೆ ಇಳಿಯುತ್ತದೆ. ನದಿಯ ಎರಡು ದಡದಲ್ಲಿ ಮಾತ್ರ ಹಸಿರು, ಅದರ ಆಚೆ ಏನೂ ಇಲ್ಲ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಇರಾನಿನ ಗಡಿಯ ಜೌಗಿನಲ್ಲಿ ಇಂಗಿಹೋಗುತ್ತದೆ.

"ಸಮುದ್ರಕ್ಕೆ?" ಅಮ್ಮ ಕೇಳಿದಳು.

"ನಾ. ಜಾತಾ ನಹೀಂ."

"ಜಾತೀ ನಹೀಂ," ಅಮ್ಮ ತಿದ್ದಿದಳು. "ನದಿ ಸ್ತ್ರೀಲಿಂಗ."

"ನಮ್ಮಲ್ಲಿ ನದಿ ಗಂಡು, ಅದೇ."

"ಹಾಗಾದರೆ ಸರಿ. ಹೆಣ್ಣಾಗಿದ್ದರೆ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಿ ಮುಟ್ಟುತ್ತಿತ್ತು. ಗಂಡಲ್ವಾ, ದಾರಿಯಲ್ಲೇ ಎಲ್ಲೋ ಉಳಿಯಿತು."

ನಾನು ಅದನ್ನು ಹಿಂದಿ ಮಾಡಿ ಹೇಳಿದೆ. ಖಾನ್‌ಸಾಬ್ ತೊಡೆ ತಟ್ಟಿ ನಕ್ಕರು. ಆಮೇಲೆ ದಕ್ಷಿಣದ ಕಡೆ ಕೈ ತೋರಿಸಿ, "ಆ ಕಡೆ ಪೂರಾ ರೇಗಿಸ್ತಾನ್," ಅಂದರು, ಮರಳು ನಾಡು ಎಂಬ ಅರ್ಥದಲ್ಲಿ. "ರೇಗಿಸ್ತಾನೆ, ರೇಗಿಸ್ತಾನೆ, ಬಂದಾಗಿನಿಂದ ಅದನ್ನೇ ಮಾಡುವುದು," ಎಂದು ಅಮ್ಮ ನನಗೆ ಮಾತ್ರ ಕೇಳುವ ಹಾಗೆ ಗೊಣಗಿದಳು.

ಅಮೆರಿಕದವರು ಹೆಲ್ಮಂದಿಗೆ ಎರಡು ಸಲ ಬಂದ ಕತೆಯನ್ನೂ ಅಮ್ಮ ಅಲ್ಲಿಯೇ ಕಲಿತಳು. ಮೊದಲ ಸಲ ಬಂದದ್ದು ಎಂಜಿನಿಯರುಗಳು. ಕಾಲುವೆ ತೋಡಿದರು, ಮರಳಿನಲ್ಲಿ ಹೊಲ ಮಾಡಿದರು, ಲಷ್ಕರ್‌ಗಾಹ್‌ನಲ್ಲಿ ತಮ್ಮ ದೇಶದ ಮಾದರಿಯಲ್ಲಿ ಎದುರಿಗೆ ಹುಲ್ಲು ಬೆಳೆಸಿದ, ಕಾಂಪೌಂಡೇ ಇಲ್ಲದ ಮನೆಗಳನ್ನು ಕಟ್ಟಿದರು. ಖಾನ್‌ಸಾಬರ ತಂದೆ ಅವರಲ್ಲಿ ಟ್ರಕ್ ಓಡಿಸುತ್ತಿದ್ದರಂತೆ. ಊರವರಿಗೆ ಅಂಥ ಮನೆ ಸಿಕ್ಕಿದ ಕೂಡಲೇ ಮಾಡಿದ ಮೊದಲ ಕೆಲಸ ಸುತ್ತ ಎತ್ತರದ ಗೋಡೆ ಎಬ್ಬಿಸಿದ್ದು.

"ಬುದ್ಧಿವಂತರು," ಅಂದಳು ಅಮ್ಮ. "ಕಾಂಪೌಂಡ್ ಇಲ್ಲದಿದ್ದರೆ ಪಕ್ಕದ ಮನೆಯವರ ಜೊತೆ ಜಗಳ ಮಾಡುವುದು ಎಲ್ಲಿ ನಿಂತು?"

ಮುಖ್ಯ ಬೆಳೆಗಳ ಪಾಠದ ದಿನ ಮಾತ್ರ ನನ್ನ ಜೀವ ಬಾಯಿಗೆ ಬಂದಿತ್ತು. ಗೋಧಿ, ಹತ್ತಿ, ಜೋಳ, ಕರಬೂಜ, ದಾಳಿಂಬೆ ಎಂದು ಖಾನ್‌ಸಾಬ್ ಬೆರಳು ಮಡಿಸಿದರು. "ಮತ್ತೆ?" ಅಂದಳು ಅಮ್ಮ. ಮತ್ತೆ ಹೂವು, ಅಂದರು ಅವರು. ಯಾವ ಹೂವು? ಹೀಗೇ, ಕೆಂಪು, ಬಿಳಿ. ಮಲ್ಲಿಗೆಯ ಹಾಗೆ ಕಟ್ಟಿ ಮಾರುತ್ತಾರಾ? ಖಾನ್‌ಸಾಬ್ ಆಕಾಶ ನೋಡಿದರು. ಅಮ್ಮ ಬಿಡುವವಳಲ್ಲ. ಹೂ ಉದುರಿದ ಮೇಲೆ ಕಾಯಿ ಬಿಡುತ್ತದಾ, ಒಳಗೆ ಬೀಜ ಇರುತ್ತದಾ ಎಂದು ಒಂದೊಂದೇ ಕೇಳಿದಳು. ಇರುತ್ತದೆ, ಸಣ್ಣ ಸಣ್ಣದು, ರೊಟ್ಟಿಯ ಮೇಲೆ ಉದುರಿಸುತ್ತಾರೆ ಎಂದು ಅವರು ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು.

"ಗಸಗಸೆ!" ಅಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. ಖಾನ್‌ಸಾಬ್‌ಗೆ ಅರ್ಥವಾಗಲೆಂದು ಹಿಂದಿಯಲ್ಲೂ ಕೂಗಿದಳು, "ಖಸ್‌ಖಸ್! ಖಸ್‌ಖಸ್!"

ಈ ದೇಶದಲ್ಲಿ ಗಸಗಸೆ ನಿಷೇಧ. ಅಫೀಮಿನ ಗಿಡದ್ದೇ ಬೀಜವಲ್ಲವೇ. ಅಮ್ಮ ಹೊರಡುವ ಮೊದಲು, ಕೋಳಿ ಮಸಾಲೆಗೆಂದು ಒಂದು ಚಮಚವನ್ನೂ ಪೆಟ್ಟಿಗೆಯಲ್ಲಿ ಹಾಕಬೇಡ ಎಂದು ನಾನು ಫೋನಿನಲ್ಲಿ ಮೂರು ಸಲ ಹೇಳಿದ್ದೆ. ಪಾಯಸಕ್ಕೆ ಹಾಕುವ ವಸ್ತುವಿಗೆ ಪೊಲೀಸರು ಯಾಕೆ ಎಂದು ಅವಳು ನಂಬಿರಲಿಲ್ಲ. ಈಗ ತುಂಬಿದ ಮಾರ್ಕೆಟ್ಟಿನಲ್ಲಿ ಅದರ ಹೆಸರನ್ನು ಎರಡು ಭಾಷೆಯಲ್ಲಿ ಸಾರುತ್ತಿದ್ದಳು. ನಾನು ಅವಳ ಸೆರಗು ಎಳೆದೆ. ಖಾನ್‌ಸಾಬ್ ಎರಡೂ ಕೈ ಮೇಲೆತ್ತಿ, 'ಇಲ್ಲ' ಎನ್ನುವ ಇಲ್ಲಿನ ಅರಬ್ಬಿಯಲ್ಲಿ, "ಮಾಫಿ! ಮಾಫಿ! ಇಲ್ಲಿ ಇಲ್ಲ! ಅಲ್ಲಿಯೂ ಈಗ ಇಲ್ಲ, ತಾಲಿಬಾನ್ ಬಂದ್ ಮಾಡಿದೆ, ನನ್ನ ತಮ್ಮ ಹತ್ತಿ ಹಾಕಿದ್ದಾನೆ, ಖಲಾಸ್!" ಎಂದು ಇಡೀ ಸಾಲಿಗೆ ಸಾಕ್ಷಿ ಹೇಳಿದರು. ಎದುರಿನ ಈರುಳ್ಳಿ ಅಂಗಡಿಯವ ಮೂಟೆಯ ಮೇಲೆ ಬಿದ್ದು ನಕ್ಕ.

ಬಸ್ಸಿನಲ್ಲಿ ನಾನು ಬೈದರೆ ಅಮ್ಮ ಕಿಟಕಿಯ ಹೊರಗೆ ನೋಡುತ್ತ, "ನನಗೆ ಮೊದಲೇ ಗೊತ್ತಿತ್ತು. ಉತ್ತರ ಅವನ ಬಾಯಿಂದಲೇ ಬರಬೇಕಿತ್ತು," ಅಂದಳು.

ಅದೇ ತಿಂಗಳು ನಮ್ಮ ಕರಾವಳಿಯವರ ಒಂದು ಸಣ್ಣ ಕೂಟವಿತ್ತು. ಮೂವತ್ತು ನಲ್ವತ್ತು ಜನ, ಒಬ್ಬರ ವಿಲ್ಲಾದ ಹಾಲಿನಲ್ಲಿ ಮಧ್ಯಾಹ್ನದ ಊಟ. ನಿವೃತ್ತ ಟೀಚರ್ ಬಂದಿದ್ದಾರೆಂದು ತಿಳಿದು, ಅಂದಿನ ಶಾಲೆಯ ಬಗ್ಗೆ ಹತ್ತು ನಿಮಿಷ ಮಾತಾಡಲು ಕೇಳಿದ್ದರು. ಅಮ್ಮ ಒಪ್ಪಿದಳು. ನನಗೆ ಹೇಳದೆ ಖಾನ್‌ಸಾಬ್‌ಗೆ ವಿಳಾಸ ಕೊಟ್ಟಿದ್ದಳು. ಅವರು ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ, ಎರಡು ಕರಬೂಜದೊಂದಿಗೆ ಬಂದು ಮುಂದಿನ ಸಾಲಿನಲ್ಲಿ ಕೂತಾಗ ಯಾರ ನೆಂಟರಿರಬಹುದೆಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

ಅಮ್ಮ ರಟ್ಟಿನ ನಕ್ಷೆಯನ್ನು ಎಸಿಯ ಕೆಳಗಿನ ಮೊಳೆಗೆ ನೇತು ಹಾಕಿದಳು. "ಅಂದಿನ ಶಾಲೆ ಹೇಗಿತ್ತು ಅಂತ ಹೇಳುವುದಕ್ಕಿಂತ ತೋರಿಸುವುದು ಒಳ್ಳೆಯದು," ಎಂದು ಒಬ್ಬ ದಪ್ಪ ಎಂಜಿನಿಯರನ್ನು ಎಬ್ಬಿಸಿ ನಿಲ್ಲಿಸಿದಳು. "ಹೆಲ್ಮಂದ್ ನದಿ ಯಾವ ಸಮುದ್ರ ಸೇರುತ್ತದೆ?"

"ಅರಬ್ಬೀ ಸಮುದ್ರ, ಟೀಚರ್," ಅಂದರು ಅವರು, ನಿಜಕ್ಕೂ ಕೈಕಟ್ಟಿ ನಿಂತು.

"ನಿಂತೇ ಇರು."

"ಅಜ್ಜೀ, ಇಟ್ ಜಸ್ಟ್ ಸ್ಟಾಪ್ಸ್!" ಎಂದು ನನ್ನ ಮಗಳು ಹಿಂದಿನಿಂದ ಕೂಗಿದಳು. ಉತ್ತರ ಸರಿಯಾಗಿದ್ದರಿಂದ ಅಮ್ಮ ಭಾಷೆಯನ್ನು ಕ್ಷಮಿಸಿದಳು.

ನಗುವಿನ ನಡುವೆ ಯಾರೋ ಒಬ್ಬರು ಖಾನ್‌ಸಾಬರನ್ನು ಹಿಂದಿಯಲ್ಲಿ ಕೇಳಿದರು, "ಅಲ್ಲಿ ಅಷ್ಟು ವರ್ಷ ಯುದ್ಧ ಆಯಿತಲ್ಲ, ನೀವು ಯಾರ ಕಡೆ ಇದ್ದಿರಿ?"

ಖಾನ್‌ಸಾಬ್ ಎದ್ದು ನಿಂತರು. ಅಮ್ಮನ ತರಗತಿಯಲ್ಲಿ ಕೂತು ಉತ್ತರ ಹೇಳುವಂತಿಲ್ಲ ಎಂದು ಅವರಿಗೆ ಅಷ್ಟರಲ್ಲಿ ಗೊತ್ತಾಗಿತ್ತು.

ರಷ್ಯದವರು ಬಂದಾಗ ತಾನು ಹುಡುಗ, ಅಂದರು. ಅವರು ಹೋದ ಮೇಲೆ ನಮ್ಮವರೇ ನಮ್ಮವರ ಮೇಲೆ ಬಿದ್ದರು, ಆಮೇಲೆ ತಾಲಿಬಾನ್, ಆಮೇಲೆ ಬ್ರಿಟಿಷರು. ಅಜ್ಜಂದಿರ ಕಾಲದಲ್ಲಿ ಸೋತು ಹೋಗಿದ್ದ ಬ್ರಿಟಿಷರು ಸೇಡಿಗೆ ಮರಳಿದ್ದಾರೆಂದೇ ಊರವರು ನಂಬಿದ್ದರು. ಹಿಂದೆಯೇ ಅಮೆರಿಕದವರು, ಈ ಸಲ ಬಂದೂಕು ಹಿಡಿದು. ಈಗ ಮತ್ತೆ ತಾಲಿಬಾನ್. ತಾನು ಇಲ್ಲಿಂದ ರಜೆಗೆ ಹೊರಡುವ ಮೊದಲು ತಮ್ಮನಿಗೆ ಫೋನ್ ಮಾಡಿ, ದಾರಿಯ ಚೆಕ್‌ಪೋಸ್ಟಿನಲ್ಲಿ ಯಾರಿದ್ದಾರೆಂದು ಕೇಳಿ, ಅದರಂತೆ ಗಡ್ಡ ಬಿಡುತ್ತಿದ್ದೆ ಅಥವಾ ಕತ್ತರಿಸುತ್ತಿದ್ದೆ, ಅಂದರು. ಒಮ್ಮೆ ವಿಮಾನ ಇಳಿಯುವಷ್ಟರಲ್ಲಿ ಚೆಕ್‌ಪೋಸ್ಟ್ ಕೈ ಬದಲಾಗಿತ್ತು, ಒಂದು ವಾರ ಕಂದಹಾರದಲ್ಲೇ ಗಡ್ಡ ಬೆಳೆಯಲೆಂದು ಕಾದರಂತೆ.

"ನಮ್ಮ ತೋಟಕ್ಕೆ ಮಣ್ಣಿನ ದಪ್ಪ ಗೋಡೆ," ಎಂದು ಮುಂದುವರಿಸಿದರು. "ಒಂದು ದಿನ ತಾಲಿಬಾನಿನವರು ಬಂದು ಗುಂಡು ಹಾರಿಸಲು ಅದರಲ್ಲಿ ತೂತು ಕೊರೆದರು. ಅವರು ಹೋದ ಮೇಲೆ ಸೈನಿಕರು ಬಂದು ಇನ್ನೊಂದು ಕೊರೆಯತೊಡಗಿದರು. ನಮ್ಮಪ್ಪ ಅವರ ದುಭಾಷಿಗೆ ಹೇಳಿದರು, ಹಿಂದಿನವರು ಕೊರೆದ ತೂತು ಚೆನ್ನಾಗಿಯೇ ಇದೆ, ಅದನ್ನೇ ಬಳಸಿ, ನನ್ನ ಗೋಡೆ ಬೀಳುತ್ತದೆ."

ಕೆಲವರು ನಕ್ಕರು. ಖಾನ್‌ಸಾಬರೂ ಸ್ವಲ್ಪ ನಕ್ಕರು. "ಗೋಡೆ ಬಿತ್ತು. ನನ್ನ ತಮ್ಮನ ಒಂದು ಕಾಲೂ ಹೋಯಿತು, ತೋಟಕ್ಕೆ ನೀರು ಬಿಡಲು ಹೋದಾಗ, ನೆಲದಲ್ಲಿ ಇಟ್ಟಿದ್ದ ಬಾಂಬಿಗೆ. ಯಾರ ಬಾಂಬೆಂದು ಗೊತ್ತಿಲ್ಲ. ನಾವು ಯಾರ ಕಡೆ ಅಂತ ಕೇಳಿದಿರಿ. ನಾವು ಗೋಡೆಯ ಒಳಗಡೆ."

ಅಮ್ಮ ಕೇಳಿದಳು, "ತೋಟ ಈಗ ಉಂಟಾ?"

"ಇದೆ. ನದಿಯಲ್ಲಿ ನೀರು ಕಮ್ಮಿ. ತಮ್ಮ ಸೋಲಾರ್ ಪ್ಲೇಟ್ ಹಾಕಿ ಬೋರ್‌ವೆಲ್ಲಿಂದ ನೀರೆತ್ತುತ್ತಾನೆ. ಎಲ್ಲರೂ ಎತ್ತುತ್ತಾರೆ. ಅದೂ ಎಷ್ಟು ದಿನವೋ."

ಅಮ್ಮ ತಲೆದೂಗಿದಳು. ಆಮೇಲೆ ಎಂಜಿನಿಯರ್ ಕಡೆ ತಿರುಗಿ, "ನೀನು ಕೂತ್ಕೋ," ಅಂದಳು. ಪಾಪ, ಅವರು ಅಷ್ಟು ಹೊತ್ತೂ ನಿಂತೇ ಇದ್ದರು. ಊಟಕ್ಕೆ ಎದ್ದಾಗ ಖಾನ್‌ಸಾಬರನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು ನೀರುದೋಸೆ ಬಡಿಸಿದ್ದೂ ಅವರೇ.

ವೀಸಾ ಮುಗಿದು ಅಮ್ಮ ಊರಿಗೆ ಹೋದಳು. ತಿಂಗಳ ಮೇಲೆ ನಾನು ಅಲ್ ಮೀನಾಕ್ಕೆ ಹೋದಾಗ ಖಾನ್‌ಸಾಬ್ ಹಣ್ಣು ಆರಿಸುವುದನ್ನು ಬಿಟ್ಟು, ನನ್ನನ್ನು ಪಕ್ಕಕ್ಕೆ ಕರೆದರು. ಮುಖ ಸಪ್ಪಗಿತ್ತು.

"ನಿಮ್ಮ ತಾಯಿಗೆ ಒಂದು ಸುಳ್ಳು ಹೇಳಿದ್ದೇನೆ. ನಮ್ಮಲ್ಲಿ ಬೇಸಿಗೆಯಲ್ಲಿ ನೂರಿಪ್ಪತ್ತು ದಿನ ಗಾಳಿ ಬೀಸುತ್ತದೆ, ಅದು ನಿಜ. ಕೋಳಿ ಹಾರಿ ಇರಾನಿಗೆ ಹೋಗದ ಹಾಗೆ ಕಾಲಿಗೆ ಕಲ್ಲು ಕಟ್ಟುತ್ತೇವೆ ಅಂದೆ. ಅದು ತಮಾಷೆ. ಅವರು ಪುಸ್ತಕದಲ್ಲಿ ಬರೆದುಕೊಂಡರು. ಟೀಚರಿಗೆ ಸುಳ್ಳು ಹೇಳಿದರೆ ಪಾಪ."

ಅಲ್ಲೇ ನಿಂತು ಅಮ್ಮನಿಗೆ ಫೋನ್ ಮಾಡಿ ಸ್ಪೀಕರಿನಲ್ಲಿ ಇಟ್ಟೆ. ಅವಳು ಆಗಲೇ ಕೋಳಿಯ ಕತೆಯನ್ನು ಭಾನುವಾರ ಇಗರ್ಜಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿ ಮುಗಿಸಿದ್ದಳು. ಎಲ್ಲ ಕೇಳಿಸಿಕೊಂಡು ಕೆಮ್ಮು ಬರುವಷ್ಟು ನಕ್ಕಳು.

"ಅವನಿಗೆ ಹೇಳು, ನಾನೂ ಒಂದು ಹೇಳಿದ್ದೇನೆ. ನಮ್ಮ ಕಡೆ ದೋಣಿಯವರು ಶಂಖ ಊದಿದರೆ ಬಂಗುಡೆ ಮೀನು ತಾನಾಗಿ ಸಾಲಾಗಿ ಬಲೆಯೊಳಗೆ ಬರುತ್ತದೆ ಅಂತ."

ನಾನು ಹಿಂದಿಯಲ್ಲಿ ಹೇಳಿದೆ. ಖಾನ್‌ಸಾಬ್ ಗಂಭೀರವಾಗಿ ತಲೆಯಾಡಿಸಿದರು. "ಅದು ಸುಳ್ಳಲ್ಲ. ನಾನು ಆ ಕಡೆ ಮೀನಿನ ಮಾರ್ಕೆಟ್ಟಿನಲ್ಲಿ ವಿಚಾರಿಸಿದ್ದೇನೆ. ಅಲ್ಲಿರುವ ಒಬ್ಬ ಹೌದು, ನಮ್ಮಪ್ಪನೇ ಊದುತ್ತಿದ್ದರು ಅಂದ."

"ಆ ಮೀನಿನವ ಯಾವ ಊರಿನವನಂತೆ?" ಅಮ್ಮ ಫೋನಿನಿಂದ ಕೇಳಿದಳು.

"ಮಲ್ಪೆ," ಅಂದರು ಖಾನ್‌ಸಾಬ್.

"ಹಾಗೆ ಹೇಳು ಮತ್ತೆ, ನಮ್ಮ ಕಡೆಯವನೇ," ಅಂದಳು ಅಮ್ಮ.