ಎಕ್ಸ್‌ರೇ ಚಿತ್ರದ ಬಿಳಿ ಗುಂಡು

ಕೆಮ್ಮು ಬಿಡದ ಬಾಣಂತಿ ಅಕ್ಕನ ಎಕ್ಸ್‌ರೇ ನೋಡಿ ಶಹಾಬಾದಿನ ಡಾಕ್ಟರು ಅದನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. ಎದೆಯಲ್ಲಿ ಬಿಳಿ ಗುಂಡು.

“ಕ್ಷಯ ಇದ್ರ ಕೂಸಿನ್ನ ದೂರ ಇಡಬೇಕಾಗ್ತದ. ಕೊರಳಾಗ ಏನರ ಇತ್ತೇನ್ರಿ?”

“ತಾಳಿ ಸೈತ ತೆಗ್ದಾಳ್ರಿ,” ಎಂದೆ ನಾನು.

ಅಕ್ಕ ಮೆಲ್ಲಗೆ, “ಲಿಂಗ ಯಾರರ ತೆಗೀತಾರೇನೋ ತಮ್ಮಾ? ಕರಡಗಿ ಬೆನ್ನಿಗೆ ಸರಸಿದ್ದೆ,” ಎಂದಳು.

ಕೊರಳಿನ ಲಿಂಗವಿದ್ದ ಆ ಬೆಳ್ಳಿ ಕರಡಿಗೆಯ ಮರೆಯಲ್ಲಿ ರೋಗವಿದೆಯೋ ಇಲ್ಲವೋ ತಿಳಿಯದೆ ಡಾಕ್ಟರು ಇನ್ನೊಂದು ಚಿತ್ರ ತೆಗೆಸಿದರು. ಈ ಸಲ ಅಕ್ಕ ಲಿಂಗವನ್ನು ಅಂಗೈಯಲ್ಲಿ ಹಿಡಿದು ನಿಂತಳು. ಫಿಲ್ಮು ಒಣಗುವವರೆಗೂ ಹಸಿದ ಕೂಸು ನನ್ನ ತೋಳಿನಲ್ಲಿ ಅಳುತ್ತಲೇ ಇತ್ತು, ಅವಳು ಮುಟ್ಟಲಿಲ್ಲ.

ಕೊನೆಗೆ ಡಾಕ್ಟರು ಹೇಳಿದ ಮಾತು ನನಗೆ ನೆನಪಿಲ್ಲ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನೂ ಅಲ್ಲ. ಡಾಕ್ಟರ ಆ ಮಾತು ಕೇಳುತ್ತಲೇ ಅಕ್ಕ ಕೂಸನ್ನು ನನ್ನಿಂದ ಕಸಿದುಕೊಂಡ ರಭಸ ಮಾತ್ರ ಸುಳ್ಳಲ್ಲ.